ಕೊಟಗಿ ಸರ್ ಅವರ ಟಕ್ ಟಕ್

ತಪ್ಪು ಕಂಡರೆ ಕೊಟಗಿ ಸರ್ ಬೈಯುತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಮೇಜಿಗೆ ಎರಡು ಸಲ ಬಡಿಯುತ್ತಿದ್ದರು: ಟಕ್ ಟಕ್. ಗದಗಿನ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅವರ ಸಿಟ್ಟು ಅಷ್ಟರಲ್ಲೇ ಮುಗಿಯುತ್ತಿತ್ತು.

ನಾನೋ ಕಂಡವರನ್ನೆಲ್ಲ ಅಣಕಿಸುವವ. ಕನ್ನಡಿಯಲ್ಲಿ ಸಿಕ್ಕರೆ ನನ್ನನ್ನೂ ಬಿಡುವುದಿಲ್ಲ. ಒಂದು ಭಾನುವಾರ ಪ್ರಿನ್ಸಿಪಾಲರ ಧ್ವನಿಯಲ್ಲಿ ಫೋನ್ ಮಾಡಿ, "ಕೊಟಗಿಯವರ, ಅರ್ಜಂಟ್ ಮೀಟಿಂಗ್ ಐತಿ, ಜಲ್ದಿ ಬರ್ರಿ" ಅಂದೆ. ಪಾಪ, ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಬಂದು, ಗೇಟಿನ ಬೀಗ ನೋಡಿಕೊಂಡು ಹೋದರು.

ಮರುದಿನ ಎನ್‌ಕ್ರಿಪ್ಶನ್ ಪಾಠ. "ಗುಟ್ಟು ಮುಚ್ಚಿ ಕಳಿಸಿದ್ರ ಆತೇನ? ನಡುದಾರ್ಯಾಗ ಯಾರರೆ ಕೈ ಹಾಕಿದ್ರ, ಒಂದ ಅಕ್ಷರ ಬಿದ್ದು ಹ್ವಾದ್ರ ಗೊತ್ತಾಗಬೇಕಲ್ಲ? ಜ್ವಾಳದ ಚೀಲದ ಹೊಲಿಗಿ ನೋಡ್ರಿ. ಒಂದ ಎಳಿ ಕಿತ್ರ ಸರ್ರಂತ ಬಿಚ್ಚತೈತಿ, ಮುಚ್ಚಿಡಾಕ ಆಗೂದಿಲ್ಲ." ಹಾಗೆಂದು ಒಂದು ಕಾಯ್ದೆ ಮಾಡಿದರು: ನಾವು ಅವರಿಗೆ ಏನೇ ಹೇಳಿ ಕಳಿಸಲಿ, ಹಿಂದಿನ ಸಲ ನಾವೇ ಹೇಳಿದ್ದರ ಕಡೆಯ ಶಬ್ದದಿಂದಲೇ ಶುರು ಮಾಡಬೇಕು. ನನ್ನತ್ತ ನೋಡಿ, "ಪ್ರಿನ್ಸಿಪಾಲರಿಗೂ ಇದ ಕಾಯ್ದೆ" ಅಂದರು.

ಆ ವಾರವೇ ಗೆಳೆಯನ ಧ್ವನಿಯಲ್ಲಿ ಫೋನ್ ಮಾಡಿ ಅವನಿಗೆ ರಜೆ ಕೇಳಿದೆ. ಅವನ ಕಡೆಯ ಶಬ್ದ ನನಗೇನು ಗೊತ್ತು? ಫೋನಿನೊಳಗಿಂದ ಟಕ್ ಟಕ್.

"ಹೊಲಿಗಿ ಬಿಚ್ಚಿದ್ದು ಗೊತ್ತಾತ್ರಿ ಸರ್. ಒಳಗಿಂದ ಏನ ಹೋತು ಅಂತ ಹೆಂಗ ತಿಳೀತೈತಿ?" ಎಂದು ನನ್ನ ಧ್ವನಿಯಲ್ಲೇ ಕೆಣಕಿದೆ.

"ತಿಳಿಯೂದಿಲ್ಲಪಾ. ಇನ್ನೊಮ್ಮೆ ಕಳಸು ಅನ್ನಬೇಕಷ್ಟ."

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಮನೆಗೆ ಹೋದೆ. ಬುದ್ಧಿ ಚುರುಕಾಗಿತ್ತು, ಮಾತು ಮಾತ್ರ ನಿಂತಿತ್ತು. ನನ್ನನ್ನು ಕಂಡು ಹೆಣಗಿದರು: "ಕ... ಕ..."

"ಕಿಟಕಿ ತಗೀಲೇನ್ರಿ?" ಅಂದರು ಅವರ ಹೆಂಡತಿ. ಎಡಗೈ ಮಂಚಕ್ಕೆ ಬಡಿಯಿತು: ಟಕ್ ಟಕ್.

"ಕನ್ನಡಕ ಏನ್ರಿ ಸರ್?" ಟಕ್ ಟಕ್.

"ಕಾಲೇಜ?" ಟಕ್ ಟಕ್.

"ನೀ ಅವರಂಗ ಮಾತಾಡ್ತಿಯಲ್ಲೊ ತಮ್ಮಾ," ಅಂದರು ಆ ತಾಯಿ, "ಅವರ ಧ್ವನೀಲೆ ಹೇಳಿ ನೋಡು. ಕೇಳಿದ್ರ ಬಾಯಿಗಿ ಬಂದರೂ ಬಂತು."

ಸರ್ ಧ್ವನಿಯಲ್ಲೇ ಒಂದೊಂದು ಶಬ್ದ ಹೇಳುತ್ತ ಹೋದೆ. ಅರ್ಧ ಬಾಯಿಯಲ್ಲಿ ನಕ್ಕರು. ಆಮೇಲೆ ಟಕ್ ಟಕ್. ಅವರ ಕಣ್ಣು ತುಂಬಿತ್ತು.

"ಇನ್ನೊಮ್ಮೆ ಹೇಳ್ರಿ ಸರ್."

"ಕ..."

ಹದಿನೈದು ದಿನಕ್ಕೆ ತೀರಿಹೋದರು.

ಈಗಲೂ ಗೆಳೆಯರು "ಲೇ, ಕೊಟಗಿ ಸರ್ ಮಾಡು" ಅನ್ನುತ್ತಾರೆ. ಮಾಡುತ್ತೇನೆ, ನಗುತ್ತಾರೆ. ನಡುವೆ ಸರ್ ಧ್ವನಿಯಲ್ಲಿ 'ಕ'ದಿಂದ ಶುರುವಾಗುವ ಒಂದು ಹೊಸ ಶಬ್ದ ಸೇರಿಸಿ, ಟಕ್ ಟಕ್ ಕೇಳೀತೇ ಎಂದು ಕಿವಿಗೊಡುತ್ತೇನೆ. ಯಾರೂ ಮೇಜು ಬಡಿಯುವುದಿಲ್ಲ.