ದೊಡ್ಡಪ್ಪ ತುಂಬಿಸಿದ ಟ್ಯಾಂಕು

ವಹೀಬಾ ಮರಳುಗಾಡಿನಲ್ಲಿ ಮತರ್ ಬಿನ್ ಸೈಫ್ ಯಾರು ಎಂದು ಕೇಳಿ ನೋಡಿ, ‘ಓ, ಆ ಹುಚ್ಚನಾ? ಮುದಿ ಜೀಪಿಗೆ ಸೂಪರ್‌ಚಾರ್ಜರ್ ಹಾಕಿಸಿದವನು?’ ಎನ್ನುತ್ತಾರೆ. ಇಪ್ಪತ್ತು ವರ್ಷ ಟ್ಯಾಂಕರ್ ಓಡಿಸಿ ಡೇರೆ ಡೇರೆಗೂ ಸಿಹಿನೀರು ಮುಟ್ಟಿಸಿದ ಮನುಷ್ಯನನ್ನು ಜನ ನೆನಪಿಟ್ಟುಕೊಂಡದ್ದು ಹೀಗೆ. ಹುಚ್ಚು ಹಿಡಿದದ್ದು ನಿಜ. ಯಾಕೆ ಹಿಡಿಯಿತು ಎಂಬುದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಅವನ ಡೇರೆಗೂ ಬಿದಿಯಾ ಪೇಟೆಗೂ ನಡುವೆ ಮರಳಿನ ಒಂದು ಕಡಿದಾದ ದಿಬ್ಬ ಇದೆ. ‘ಗೋಡೆ’ ಎಂದೇ ಅದರ ಹೆಸರು. ಗೋಡೆ ಹತ್ತಿ ಇಳಿದರೆ ಆಸ್ಪತ್ರೆ ಒಂದೂವರೆ ಗಂಟೆ, ಸುತ್ತು ಹಾಕಿದರೆ ಐದು ಗಂಟೆ. ಫೋನಿಗೆ ಸಿಗ್ನಲ್ ಸಿಗುವುದೂ ಗೋಡೆಯ ನೆತ್ತಿಯಲ್ಲಿಯೇ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾದ ಹೆಂಡತಿ ಶಮ್ಮಾಳಿಗೆ ನೋವು ಬಂದ ದಿನ, ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮತರ್ ನಾಲ್ಕು ಸಲ ಗೋಡೆಗೆ ಗಾಡಿ ನುಗ್ಗಿಸಿದ್ದ. ನಾಲ್ಕು ಸಲವೂ ಗಾಡಿ ಮುಕ್ಕಾಲು ಏರಿ, ಏದುಸಿರು ಬಿಟ್ಟು, ಹಿಂದಕ್ಕೆ ಜಾರಿತು. ಸುತ್ತುದಾರಿಯಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಡುಮಗು ಹೊಟ್ಟೆಯಲ್ಲೇ ಹೋಗಿತ್ತು. ಬಂದವರೆಲ್ಲ ‘ದೇವರು ಬರೆದದ್ದು’ ಎಂದರು. ಮತರ್ ತಲೆಯಾಡಿಸಿದ, ಒಳಗೆ ಒಪ್ಪಲಿಲ್ಲ. ದೇವರ ಮೇಲೆ ಯಾಕೆ ಹಾಕುತ್ತೀರಿ, ಎಂಜಿನ್ನಿಗೆ ಉಸಿರು ಸಾಲಲಿಲ್ಲ ಎಂದು ಅವನ ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತಲೇ ಇತ್ತು.

ಮೂರು ವರ್ಷದ ಮೇಲೆ ಶಮ್ಮಾ ಮತ್ತೆ ಬಸುರಾದಳು. ಮತರ್ ತನ್ನ ಓಟದ ಒಂಟೆಯನ್ನು ತಂದು ಬಿದಿಯಾದ ಮೆಕ್ಯಾನಿಕ್ ದಾದ್ ಕರೀಮನ ಶೆಡ್ಡಿನ ಮುಂದೆ ಕಟ್ಟಿದ. ಒಂಟೆ ನಿನಗೆ, ಸೂಪರ್‌ಚಾರ್ಜರ್ ನನಗೆ ಎಂದ. ಎಂಜಿನ್ನಿನ ಬಾಯಿಗೆ ಬಲವಂತವಾಗಿ ಗಾಳಿ ತುರುಕುವ ಯಂತ್ರ ಅದು. ಅಪಘಾತವಾದ ಯಾವುದೋ ಗಾಡಿಯಿಂದ ಕಳಚಿದ್ದು ಆ ಶೆಡ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

ದಾದ್ ಕರೀಮ್ ಬಲೂಚಿ, ನಾಲಿಗೆಗೆ ಎಲುಬಿಲ್ಲದವನು. “ಮೂವತ್ತು ವರ್ಷದ ಎಂಜಿನ್ ಕಣೋ ಇದು! ಮುದುಕನಿಗೆ ಹರೆಯದ ಹುಡುಗೀನ ಕಟ್ದಂಗೆ. ಎದೆ ಒಡ್ಕೊಂಡು ಸತ್ರೆ ನನ್ನ ಕೇಳ್ಬೇಡ.”

“ಗೋಡೆ ಹತ್ತಿಸಿ ಸಾಯ್ಲಿ,” ಎಂದ ಮತರ್. “ಆಮೇಲೆ ಏನಾದ್ರೂ ಆಗ್ಲಿ.”

ಮೆಕ್ಯಾನಿಕ್ಕನ ನಗು ನಿಂತಿತು. ಒಂಬತ್ತು ದಿನ ಕೂತು, ಬೆಲ್ಟು ಹೊಂದಿಸಿ, ಪೈಪು ಬಗ್ಗಿಸಿ ಕೂರಿಸಿದ. ಕೀಲಿ ಕೈಗಿಡುವಾಗ ಮತರನ ಅಂಗಿಯ ತೋಳು ಹಿಡಿದುಕೊಂಡ.

“ಇಲ್ ಕೇಳು. ಇನ್ಮೇಲೆ ಇದಕ್ಕೆ ಸೂಪರ್ ಪೆಟ್ರೋಲ್ ಮಾತ್ರ. ಸಾದಾ ಕುಡಿಸಿ ಜೋರಾಗಿ ಒತ್ತಿದ್ಯೋ, ಒಳಗೆ ಡಬ್ಬಾದಲ್ಲಿ ಕಲ್ಲು ಕುಲುಕಿದಂಗೆ ಸದ್ದು ಬರುತ್ತೆ. ಬಂದ ತಕ್ಷಣ ಕಾಲು ತೆಗಿ. ತೆಗೀಲಿಲ್ಲ ಅಂದ್ರೆ ಪಿಸ್ಟನ್ ಕರಗಿ ಹೋಗುತ್ತೆ. ತಿಳೀತಾ?”

“ತಿಳೀತು.”

“ಏನ್ ತಿಳೀತು, ಹೇಳು.”

ಮತರ್ ಪಾಠ ಒಪ್ಪಿಸುವ ಹುಡುಗನಂತೆ ಒಪ್ಪಿಸಿದ.

ಮೊದಲ ಸಲ, ಮರಳಿನಲ್ಲಿ ಹೂತುಹೋಗದಂತೆ ಟೈರುಗಳ ಗಾಳಿ ಇಳಿಸಿ, ಗೋಡೆಗೆ ಬಿಟ್ಟಾಗ ಗಾಡಿ ಕೀಚಲು ದನಿಯಲ್ಲಿ ಕೂಗುತ್ತ ಒಂದೇ ಉಸಿರಿಗೆ ನೆತ್ತಿಗೆ ಹಾರಿತು. ಕೆಳಗೆ ಆಡುಗಳು ದಿಕ್ಕಾಪಾಲಾದವು. ಇಳಿದು ಬಂದಾಗ ಶಮ್ಮಾ ಮುಸುಕು ಬಾಯಿಗೊತ್ತಿಕೊಂಡು ನಗುತ್ತಿದ್ದಳು. “ಏನದು, ಮದ ಬಂದ ಒಂಟೆ ಹಂಗೆ ಕಿರುಚುತ್ತೆ! ಮಗು ಒಳಗೇ ಹೆದರ್ಕೊಂಡ್ತು ನೋಡು.” ಮೂರು ವರ್ಷದಿಂದ ಅವಳು ನಕ್ಕಿರಲಿಲ್ಲ. ಮತರ್ ಮತ್ತೊಂದು ಸಲ ಹತ್ತಿಸಿದ, ಅವಳು ಮತ್ತೆ ನಗಲಿ ಎಂದು. ಸೂಪರ್ ಪೆಟ್ರೋಲಿಗೆಂದು ಬೇರೆ ಡಬ್ಬಿ ಇಟ್ಟು ಕೆಂಪು ಬಟ್ಟೆ ಕಟ್ಟಿದ. ಇನ್ನೊಬ್ಬರು ಮುಟ್ಟದಂತೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ.

ಒಂಬತ್ತು ತುಂಬುವ ಮುಂಚೆಯೇ ಪೇಟೆಯಲ್ಲಿರುವ ಶಮ್ಮಾಳ ಅಕ್ಕನ ಮನೆಗೆ ಹೋಗಿ ಇರುವುದೆಂದು ನಿಶ್ಚಯವಾಗಿತ್ತು. ಹೊರಡಲು ಹತ್ತು ದಿನ ಇರುವಾಗ ದೊಡ್ಡಪ್ಪ ಖಸೀಬ್ ಹಜ್ ಮುಗಿಸಿ ಬಂದ ಸುದ್ದಿ ಬಂತು. ಅಪ್ಪ ಸತ್ತ ಮೇಲೆ ಮತರನನ್ನು ಸಾಕಿದವನು ಅವನು. ನೋಡಿಬರಲು ಹೋಗದಿದ್ದರೆ ಮುಖ ಎತ್ತಿ ತಿರುಗುವಂತಿಲ್ಲ. ದೊಡ್ಡಪ್ಪನ ಡೇರೆ ಗೋಡೆಯ ಈಚೆಗೇ, ಒಂದು ಗಂಟೆಯ ಸಪಾಟು ದಾರಿ.

“ಹೋಗ್ಬಾ, ನಂಗೇನೂ ಆಗಿಲ್ಲ,” ಎಂದಳು ಶಮ್ಮಾ. “ಕಾಫಿ ಕುಡ್ದು ಎದ್ಬಿಡು. ಹರಟೆ ಹೊಡೀತಾ ಕೂರ್ಬೇಡ.”

ಅಲ್ಲಿ ಖರ್ಜೂರವಾಯಿತು, ಕಾಫಿಯಾಯಿತು. ಮೂರನೆಯ ಬಟ್ಟಲಿಗೆ ಸಾಕೆಂದು ಬಟ್ಟಲು ಅಲ್ಲಾಡಿಸಿ, ಮುದುಕನ ಹಣೆಗೆ ಮುತ್ತಿಟ್ಟು ಮತರ್ ಎದ್ದ. ಗಾಡಿಯ ಕೀಲಿ ತಿರುಗಿಸಿದಾಗ ಅರ್ಧಕ್ಕಿದ್ದ ಪೆಟ್ರೋಲ್ ಮುಳ್ಳು ಏರಿ ತುದಿಗೆ ಹೋಗಿ ನಿಂತಿತು. ಆಚೆ ದೊಡ್ಡಪ್ಪನ ಮಗ ಪೆಟ್ರೋಲ್ ಕೈಯನ್ನು ಮರಳಿಗೆ ಉಜ್ಜಿಕೊಳ್ಳುತ್ತಿದ್ದ.

ಮರಳಿನವರ ಪದ್ಧತಿಯೇ ಅದು. ಅತಿಥಿ ಒಳಗೆ ಕಾಫಿ ಕುಡಿಯುತ್ತಿದ್ದರೆ ಮನೆಯ ಮಕ್ಕಳು ಹೊರಗೆ ಅವನ ಟ್ಯಾಂಕು ತುಂಬಿಸುತ್ತಾರೆ. ಕೇಳುವುದಿಲ್ಲ, ಹೇಳುವುದಿಲ್ಲ. ಹಿಂದೆ ಒಂಟೆಗೆ ನೀರು ಕುಡಿಸುತ್ತಿದ್ದರು, ಈಗ ಇದು. ಬಂದವನು ಮೊದಲೇ ‘ತುಂಬಿಸಬೇಡಿ’ ಎಂದನೋ, ತುಂಬಿಸುತ್ತಾರೆಂದು ಆಸೆಪಟ್ಟು ಬಂದ ಹಾಗಾಯಿತು. ಹಾಗೆ ಯಾರೂ ಅನ್ನುವುದಿಲ್ಲ, ಮತರನೂ ಅಂದಿರಲಿಲ್ಲ. ಆ ಡ್ರಮ್ಮುಗಳಲ್ಲಿ ಇರುವುದು ಸಾದಾ ಪೆಟ್ರೋಲ್ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಬರಿ ಟ್ಯಾಂಕಲ್ಲಿ ಕಳಿಸ್ತೀನೇನೋ ನಿನ್ನ?” ಎಂದ ದೊಡ್ಡಪ್ಪ ಕಿಟಕಿಗೆ ಕೈಯಿಟ್ಟು. “ನಿಮ್ಮಪ್ಪ ಗೋರಿಯಿಂದ ಎದ್ದು ಬಂದು ಬೈತಾನೆ ನನ್ನ.”

ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. “ದೇವರು ಒಳ್ಳೇದು ಮಾಡ್ಲಿ ದೊಡ್ಡಪ್ಪ,” ಎಂದ ಮತರ್. ಮೆಲ್ಲಗೆ ಓಡಿಸಿದರೆ ಏನೂ ಆಗದು, ಮನೆಗೆ ಹೋಗಿ ಎಲ್ಲ ಬಸಿದುಬಿಡುತ್ತೇನೆ ಎಂದುಕೊಂಡ. ಬಸುರಿಯನ್ನು ಕೂರಿಸಿಕೊಂಡ ಹಾಗೆ ನಿಧಾನವಾಗಿ ಗಾಡಿ ಬಿಟ್ಟುಕೊಂಡು ಬಂದ.

ಡೇರೆಯ ಕಂಬ ಹಿಡಿದು ಶಮ್ಮಾ ಮಂಡಿಯೂರಿ ಕೂತಿದ್ದಳು. ಕೆಳಗಿನ ಚಾಪೆ ಒದ್ದೆಯಾಗಿತ್ತು.

“ನೀರು ಹೋಯ್ತು ಮತರ್. ನೀನು ಹೋದ ಸ್ವಲ್ಪ ಹೊತ್ತಿಗೇ ಶುರುವಾಯ್ತು.”

ಮಧ್ಯಾಹ್ನ ಮೂರು ಗಂಟೆ. ಮರಳು ಕಾದು ಹಿಟ್ಟಿನಂತೆ ಸಡಿಲವಾಗಿರುವ ಹೊತ್ತು. ಮತರ್ ಗಾಡಿಯ ಕೆಳಗೆ ನುಗ್ಗಿ ಟ್ಯಾಂಕಿನ ಬಿರಡೆಗೆ ಪಾನಾ ಹಾಕಿದ. ತುಕ್ಕು ಹಿಡಿದ ಬಿರಡೆ ಮಿಸುಕಲಿಲ್ಲ. ಕೆಂಪು ಬಟ್ಟೆಯ ಡಬ್ಬಿ ತಂದು ಬಗ್ಗಿಸಿದರೆ ಪೆಟ್ರೋಲ್ ಉಕ್ಕಿ ಹೊರಗೆ ಹರಿಯಿತು. ಒಳಗೆ ಜಾಗವೇ ಇರಲಿಲ್ಲ, ಅಷ್ಟು ಪ್ರೀತಿಯಿಂದ ತುಂಬಿಸಿದ್ದರು. ರಬ್ಬರ್ ಪೈಪು ಬಿಟ್ಟು ಬಾಯಿಂದ ಎಳೆದ. ಗಂಟಲಿಗೆ ಪೆಟ್ರೋಲ್ ನುಗ್ಗಿ ವಾಂತಿಯಾಯಿತು. ಪೈಪಿನಿಂದ ನೂಲಿನೆಳೆಯಂಥ ಧಾರೆ ಬಿತ್ತು. ಇದು ಮುಗಿಯಲು ಸಂಜೆಯಾಗುತ್ತದೆ. ಸೂಪರ್‌ಚಾರ್ಜರಿನ ಬೆಲ್ಟು ಕಿತ್ತರೆ ಎಂಜಿನ್ ಉಳಿಯುತ್ತದೆ, ಆದರೆ ಗೋಡೆ ಹತ್ತುವುದಿಲ್ಲ. ಬೆಲ್ಟು ಬಿಟ್ಟರೆ ಹತ್ತುತ್ತದೆ, ಆದರೆ ಎಂಜಿನ್ ಉಳಿಯುವುದಿಲ್ಲ. ನೆತ್ತಿಯ ಆಚೆಗೆ ಸಾಯುತ್ತದೋ ಈಚೆಗೆ ಸಾಯುತ್ತದೋ, ಅಷ್ಟೇ ಪ್ರಶ್ನೆ. ಅವನು ಮರಳಿನ ಮೇಲೆ ಕೂತು ಎರಡೂ ಕೈಯಿಂದ ತಲೆ ಚಚ್ಚಿಕೊಂಡ.

“ಎಷ್ಟ್ ಹೊತ್ತು?” ಶಮ್ಮಾ ಹಲ್ಲು ಕಚ್ಚಿ ಕೇಳಿದಳು.

“ಗಾಡಿ ಹತ್ತು,” ಎಂದ.

ಗೋಡೆಯ ಅರ್ಧಕ್ಕೆ ಬರುವಾಗ ಸದ್ದು ಶುರುವಾಯಿತು. ಡಬ್ಬಾದಲ್ಲಿ ಕಲ್ಲು ಕುಲುಕಿದಂತೆ, ದಾದ್ ಕರೀಮ್ ಹೇಳಿದ್ದ ಹಾಗೆಯೇ. ಮತರ್ ಕಾಲು ತೆಗೆಯಲಿಲ್ಲ. ‘ಇನ್ನೊಂಚೂರು, ನನ್ನಪ್ಪ, ಇನ್ನೊಂಚೂರು’ ಎಂದು ಗಾಡಿಯನ್ನು ಬೇಡಿಕೊಂಡ, ಬೈದ, ಮತ್ತೆ ಬೇಡಿಕೊಂಡ. ಮೊದಲ ಮಗು ಹೋದ ದಿನ ಜಾರಿದ್ದ ಜಾಗ ದಾಟಿತು. ನೆತ್ತಿಯ ಅಂಚಿನಲ್ಲಿ ಮರಳು ಗಾಳಿಗೆ ಹಾರುವುದು ಕಣ್ಣಿಗೆ ಕಂಡಿತು. ಆಗ ಬಾನೆಟ್ಟಿನೊಳಗೆ ಸುತ್ತಿಗೆ ಬಡಿದಂತಹ ಒಂದು ಏಟು. ಬಿಳಿ ಹೊಗೆ ಮುಖಕ್ಕೆ ಹೊಡೆಯಿತು. ನೆತ್ತಿಗೆ ಇಪ್ಪತ್ತು ಮೊಳ ಇರುವಾಗ ಗಾಡಿ ಮರಳಿಗೆ ಹೊಟ್ಟೆ ಹಚ್ಚಿ ಕೂತುಬಿಟ್ಟಿತು.

ಮತರ್ ಸ್ಟಿಯರಿಂಗಿಗೆ ಹಣೆ ಬಡಿದು ಅತ್ತ. ಇನ್ನು ಇದೂ ಹೋಯಿತು, ಇದೂ ಹೋಯಿತು ಎಂದು ದನಿ ತೆಗೆದು ಅತ್ತ.

“ಅತ್ತಿದ್ದು ಸಾಕು. ಕೈ ಕೊಡು,” ಎಂದಳು ಶಮ್ಮಾ. ಅವಳು ಆಗಲೇ ಬಾಗಿಲು ತೆಗೆದಿದ್ದಳು.

ಆ ಇಪ್ಪತ್ತು ಮೊಳವನ್ನು ಅವರು ಮಂಡಿಯ ಮೇಲೆ ಹತ್ತಿದರು. ಎರಡು ಹೆಜ್ಜೆಗೆ ಒಂದು ಹೆಜ್ಜೆ ಜಾರಿ, ನೋವು ಬಂದಾಗ ಮುಖ ಮರಳಿಗೆ ಒತ್ತಿ ಕಾದು, ಮತ್ತೆ ಹತ್ತಿದರು. ನೆತ್ತಿಯಲ್ಲಿ ಫೋನಿಗೆ ಜೀವ ಬಂತು. ಆಂಬುಲೆನ್ಸ್ ಕಳಿಸುತ್ತೇವೆ, ಒಂದು ಗಂಟೆ ಎಂದಿತು ಆಚೆಯ ದನಿ. ಮಗು ಒಂದು ಗಂಟೆ ಕಾಯಲಿಲ್ಲ. ಮತರ್ ತಲೆಯ ರುಮಾಲು ಬಿಚ್ಚಿ ಹಾಸಿ, ಪೆಟ್ರೋಲ್ ನಾರುವ ಕೈಗಳನ್ನು ಒಡ್ಡಿದ. ಹೆಣ್ಣುಮಗು ಬಂತು. ನೀಲಿಯಾಗಿತ್ತು. ಅಳಲಿಲ್ಲ.

“ಯಾಕೆ ಸದ್ದಿಲ್ಲ? ಮತರ್, ಯಾಕೆ ಸದ್ದಿಲ್ಲ?”

ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಪುಟ್ಟ ಮೂಗು ಬಾಯಿ ಒರೆಸಿ, ಅದರ ಮೇಲೆ ತನ್ನ ಬಾಯಿಯಿಟ್ಟು ಮೆಲ್ಲಗೆ ಊದಿದ. ಮತ್ತೆ ಊದಿದ. ಐದನೆಯ ಸಲಕ್ಕೋ ಆರನೆಯ ಸಲಕ್ಕೋ ಮಗುವಿನ ಎದೆ ಎದ್ದಿತು, ಮುಖ ಕಿವುಚಿಕೊಂಡಿತು, ಆಮೇಲೆ ಅದು ಅತ್ತ ದನಿ ಗೋಡೆಯ ಎರಡೂ ಮಗ್ಗುಲಿಗೆ ಕೇಳಿತು. ಆಂಬುಲೆನ್ಸ್ ಬರುವವರೆಗೂ ಅದು ಅಳುತ್ತಲೇ ಇತ್ತು. ಸುಮ್ಮನಾಗಲು ಅವರಿಬ್ಬರೂ ಬಿಡಲಿಲ್ಲ.

ಏಳನೆಯ ದಿನ, ಹೆಸರಿಡುವ ಔತಣಕ್ಕೆ, ದೊಡ್ಡಪ್ಪ ಖಸೀಬ್ ಎರಡು ಆಡು ಹೊಡೆದುಕೊಂಡು ಬಂದ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ.

“ಗಾಡಿಗೆ ಏನಾಯ್ತೋ?”

“ವಯಸ್ಸಾಗಿತ್ತು ದೊಡ್ಡಪ್ಪ.”

“ನೋಡು ಮತ್ತೆ! ಅವತ್ತು ನಾನು ಟ್ಯಾಂಕ್ ತುಂಬಿಸಿ ಕಳಿಸಿದ್ದು ಎಷ್ಟ್ ಒಳ್ಳೇದಾಯ್ತು. ಆ ಪೆಟ್ರೋಲ್ ಇಲ್ದಿದ್ರೆ ಅಷ್ಟಾದ್ರೂ ಹತ್ತುತ್ತಿತ್ತಾ ಅದು?”

ಪರದೆಯ ಹಿಂದೆ ಶಮ್ಮಾ ಏನೋ ಹೇಳಲು ಬಾಯಿ ತೆರೆದಳು. ಮತರ್ ಆ ಕಡೆ ಒಂದು ಸಲ ನೋಡಿದ.

“ಹೌದು ದೊಡ್ಡಪ್ಪ,” ಎಂದ. “ನಿಮ್ಮ ಪೆಟ್ರೋಲಿಂದಾನೇ ಹತ್ತಿದ್ದು.”

ಮುದುಕನ ಕಣ್ಣು ತುಂಬಿ ಬಂತು. ಮಾರನೆಯ ವಾರ ಮಗುವಿಗೆ ಉಡುಗೊರೆಯೆಂದು ಮತ್ತೆರಡು ಡ್ರಮ್ಮು ಸಾದಾ ಪೆಟ್ರೋಲ್ ಕಳಿಸಿಕೊಟ್ಟ. ಗಾಡಿ ಈಗಲೂ ನೆತ್ತಿಯ ಕೆಳಗೆ ಕಿಟಕಿಯ ಮಟ್ಟಕ್ಕೆ ಹೂತುಕೊಂಡು ನಿಂತಿದೆ. ಹಾದುಹೋಗುವವರು ತೋರಿಸಿ ನಗುತ್ತಾರೆ. ಮಗಳಿಗೆ ನಾಲ್ಕು ತುಂಬಿತು. ದೊಡ್ಡಪ್ಪ ಬಂದಾಗಲೆಲ್ಲ ‘ಎಲ್ಲಿ, ನನ್ನ ಪೆಟ್ರೋಲ್ ಹುಡುಗಿ ಎಲ್ಲಿ?’ ಎಂದು ಅವಳನ್ನು ಎತ್ತಿಕೊಳ್ಳುತ್ತಾನೆ. ಮತರ್ ಅವನ ಬಟ್ಟಲಿಗೆ ಕಾಫಿ ಬಗ್ಗಿಸುತ್ತಾನೆ.