ಹೆಚ್ಚಾಗಿ ಬಿದ್ದ ಒಂದು ಎಲೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಗುವವರಲ್ಲಿ ನಾನೇ ಮೊದಲಿಗ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಗು ಮಾತ್ರ ಬರುವುದಿಲ್ಲ.

ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಕಾರ್ಕಳದಲ್ಲಿರುವ ನನ್ನ ಹೆಂಡತಿಯ ತವರಿನಲ್ಲಿ, ಆಟಿ ತಿಂಗಳ, ಅಂದರೆ ತುಳುವರ ಆಷಾಢದ, ಒಂದು ಸಂಜೆ ತೀರಿಕೊಂಡ ಹಿರಿಯರಿಗೆ ಬಡಿಸುವ ಕ್ರಮವಿದೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ. ಕೋಳಿ ಸಾರು, ರೊಟ್ಟಿ ಬಡಿಸಿ ಬಾಗಿಲು ಮುಚ್ಚಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಆ ವರ್ಷ ಹೆಂಡತಿ ಬಡಿಸುತ್ತಾ ಬಂದಳು, ಅತ್ತೆ ಹೆಸರು ಹೇಳುತ್ತಾ ಬಂದರು. ಹೆಸರುಗಳು ಮುಗಿದವು, ಬಡಿಸಿದ ಎಲೆ ಒಂದು ಉಳಿಯಿತು.

ಅತ್ತೆಯ ಮುಖ ಸಣ್ಣದಾಯಿತು. "ಇದು ಯಾರಿಗೆ? ಬಡಿಸಿದ ಎಲೆ ತೆಗೆಯುವ ಹಾಗಿಲ್ಲ ಅಲ್ವಾ?"

ಭಾವಮೈದುನ ಸುಧಾಕರ ಕಾಪುವಿನಲ್ಲಿ ಫೋಟೊ ಸ್ಟುಡಿಯೊ ಇಟ್ಟವನು, ತಮಾಷೆಯ ಆಸಾಮಿ. "ಎಂತ ಅಮ್ಮ, ಇಷ್ಟಕ್ಕೆ ತಲೆಬಿಸಿ? ನನಗೇ ಇರಲಿ," ಎಂದವನೇ ಕುಳಿತು ಉಂಡೇಬಿಟ್ಟ. ನಾನಂತೂ ಜೋರಾಗಿ ನಕ್ಕೆ.

ಮರುದಿನ ಬೆಳಿಗ್ಗೆ ನಾನೂ ಸುಧಾಕರನೂ ಉಡುಪಿ ಬಸ್ಸು ಹತ್ತಿದೆವು. "ಎಡಭುಜ ನೋಯ್ತಾ ಉಂಟು ಭಾವ," ಎಂದ. ಮಲಗಿದ್ದು ಸರಿಯಾಗಿರಲಿಕ್ಕಿಲ್ಲ ಎಂದುಕೊಂಡೆವು. ಮಣಿಪಾಲ ಬರುವಷ್ಟರಲ್ಲಿ ಮೈ ತಣ್ಣಗಾಗಿ, ತುಟಿ ಬಿಳಚಿಕೊಂಡು, ನನ್ನ ಮೇಲೆಯೇ ಕುಸಿದ. ಕಂಡಕ್ಟರೂ ನಾನೂ ಎತ್ತಿ ಇಳಿಸಿ ರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಎಡಪಕ್ಕೆಲುಬಿನ ಕೆಳಗಿರುವ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಹೊಟ್ಟೆಯೊಳಗೆಲ್ಲ ರಕ್ತ; ಭುಜದ ನೋವೂ ಅದರದ್ದೇ. ಉಳಿಯುವ ಭರವಸೆ ಕೊಡಲಾರೆವು ಎಂದರು. ಗುಲ್ಮವನ್ನೇ ತೆಗೆದರು, ಹೇಗೋ ಉಳಿದುಕೊಂಡ.

ಆಮೇಲೆ ಡಾಕ್ಟರು ನನ್ನನ್ನು ಕೂರಿಸಿ ವಿಚಾರಿಸಿದರು. ಬಿದ್ದಿದ್ದರಾ? ಬೈಕಿನಲ್ಲಿ ಪೆಟ್ಟಾಗಿತ್ತಾ? ಮಲೇರಿಯಾ ಬಂದಿತ್ತಾ? ನಮ್ಮ ಕಡೆ ಮಲೇರಿಯಾದಿಂದ ಗುಲ್ಮ ಊದಿಕೊಳ್ಳುವುದು ಹೊಸದೇನಲ್ಲ. ರಕ್ತ ತೆಳುವಾಗಿಸುವ ಮಾತ್ರೆ? ಯಾವುದೂ ಇಲ್ಲ. ತೆಗೆದ ಗುಲ್ಮವನ್ನು ಪರೀಕ್ಷೆಗೆ ಕಳಿಸಿದರೂ ಗಡ್ಡೆಯಾಗಲಿ, ರಕ್ತದ ಕಾಯಿಲೆಯಾಗಲಿ ಕಾಣಲಿಲ್ಲ. "ಕಾರಣ ಸಿಗದೆಯೂ ಹೀಗಾಗುವುದು ಅಪರೂಪಕ್ಕೆ ಉಂಟು," ಎಂದರು. ಎಲೆಯ ವಿಷಯ ನಾನು ಎತ್ತಲಿಲ್ಲ. ಯಾವ ಬಾಯಿಂದ ಹೇಳುವುದು?

ಮುಂದಿನ ಆಟಿಯಲ್ಲಿ ಅತ್ತೆ ಎಲೆಗಳನ್ನು ಎಣಿಸಿದ್ದೇ ಎಣಿಸಿದ್ದು. ಎಲ್ಲ ಸರಿಯಾಗಿದೆ ಎನ್ನುವಾಗ ಸುಧಾಕರ ಬಂದು, ಸಾಲಿನ ಕೊನೆಗೆ ಬಾಳೆಲೆಯ ಸಣ್ಣ ತುಂಡೊಂದನ್ನು ಇಟ್ಟ.

"ಯಾರಿಗೋ ಅದು?" ಅತ್ತೆ ಕಿರುಚಿಯೇಬಿಟ್ಟರು.

"ನನ್ನದೊಂದು ತುಂಡು ಮೊದಲೇ ಹೋಗಿದೆಯಲ್ಲಮ್ಮ. ಅದಕ್ಕೂ ಬಡಿಸುವ."

ಈ ಸಲ ಯಾರೂ ನಗಲಿಲ್ಲ. ಅತ್ತೆ ಸೌಟು ಹಿಡಿದು ನಿಂತೇ ಇದ್ದರು. ಅದನ್ನು ಅವರ ಕೈಯಿಂದ ತೆಗೆದುಕೊಂಡು ಬಡಿಸಿದವನು ನಾನು. ಬಾಗಿಲು ಮುಚ್ಚಿ ಹೊರಗೆ ನಿಂತಷ್ಟು ಹೊತ್ತೂ ಸುಧಾಕರನ ತೋಳು ನಾನು ಬಿಡಲಿಲ್ಲ.

ಈಗ ಪ್ರತಿ ವರ್ಷ ಆ ತುಂಡಿಗೆ ಬಡಿಸುವುದು ನನ್ನದೇ ಕೆಲಸ. ಯಾಕೆಂದು ಕೇಳಿದರೆ ಹೇಳಲು ಗೊತ್ತಿಲ್ಲ, ಬಿಡಲು ಧೈರ್ಯವಿಲ್ಲ.