ಟಿ.ಬಿ. ಅಲ್ಲದ ಜ್ವರ

ನಾನು ಧಾರವಾಡದ ಕಡೆಯವಳು. ಎಚ್‌ಐವಿಗೆ ಸರ್ಕಾರದಿಂದ ಉಚಿತವಾಗಿ ಔಷಧಿ ಸಿಗತೊಡಗಿದ್ದ ಹೊಸತರಲ್ಲಿ ವಿಜಯವಾಡದ ಒಂದು ಸಣ್ಣ ಚಿಕಿತ್ಸಾ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ರೋಗಿಗಳಿಗೆ ಧೈರ್ಯ ಹೇಳುವುದು, ಅವರು ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಮಂಗಳಗಿರಿಯಿಂದ ಬರುತ್ತಿದ್ದ ಒಬ್ಬ ನೇಕಾರ ಹೆಂಗಸು ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಗಂಡ ಅದೇ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದಳು. ಬಿಡದ ಜ್ವರ, ಕೆಮ್ಮು, ದಿನೇ ದಿನೇ ಇಳಿಯುವ ಮೈ. ಕಫದ ಪರೀಕ್ಷೆಯಲ್ಲಿ ಕೆಂಪು ಕಡ್ಡಿಯಂಥ ರೋಗಾಣುಗಳು ಕಂಡವು. ನಮಗೆಲ್ಲ ಅದರ ಅರ್ಥ ಟಿ.ಬಿ. ಒಂದೇ. ಅದರ ಮಾತ್ರೆ ಶುರುವಾಯಿತು.

ಮೂರು ತಿಂಗಳಾದರೂ ಜ್ವರ ಇಳಿಯಲಿಲ್ಲ. ಕಫದಲ್ಲಿ ಅವೇ ಕಡ್ಡಿಗಳು. ಡಾಕ್ಟರು ಮಾದರಿಯನ್ನು ವಿಶಾಖಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ರೋಗಾಣುವನ್ನು ಬೆಳೆಸಿ ನೋಡಿ ಹೇಳಲು ಒಂದೂವರೆ, ಎರಡು ತಿಂಗಳು ಬೇಕು. ಅಷ್ಟು ಕಾಯುವ ತಾಳ್ಮೆ ನನಗಿರಲಿಲ್ಲ.

ಮಾದರಿ ಕೊಟ್ಟ ದಿನ ಅವಳ ಜೊತೆ ಅತ್ತಿಗೆಯೂ ಬಂದಿದ್ದಳು.

“ನಿಜ ಹೇಳು, ಮಾತ್ರೆ ಬಿಸಾಡ್ತಿದ್ದೀಯಾ?” ಎಂದೆ.

“ಲೇದಕ್ಕಾ. ಒಂದು ದಿನಾನೂ ಬಿಟ್ಟಿಲ್ಲ.” ಚೀಲದಿಂದ ಖಾಲಿ ಸ್ಟ್ರಿಪ್ಪುಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

“ಸ್ಟ್ರಿಪ್ ಖಾಲಿ ಮಾಡೋದೇನು ಕಷ್ಟ?” ಎಂದು ಅತ್ತಿಗೆಯ ಕಡೆ ತಿರುಗಿದೆ. “ನೀವೇ ಎದುರಿಗೆ ನಿಂತು ನುಂಗಿಸಿ. ಬಾಯಿ ತೆಗೆಸಿ ನೋಡಿ.”

ಮುಂದಿನ ತಿಂಗಳು ಅವಳು ಬರಲಿಲ್ಲ.

ಆಮೇಲೆ ವಿಶಾಖಪಟ್ಟಣದಿಂದ ಫೋನ್ ಬಂತು. ಅಲ್ಲಿನ ಟೆಕ್ನಿಷಿಯನ್ ಬಾಗಲಕೋಟೆಯವನು.

“ಅಕ್ಕಾರ, ನೀವು ಕಳಿಸಿದ್ದು ಟಿ.ಬಿ. ಅಲ್ರಿ. ಅದರ ಬಳಗದ್ದ, ಆದ್ರ ಬ್ಯಾರೆ ಜಾತಿ. ಕಫದಾಗ ನೋಡಿದ್ರ ಎರಡೂ ಒಂದ ಥರಾ ಕಾಣ್ತಾವ. ಎಚ್‌ಐವಿ ಇದ್ದವರಿಗೆ ಹಿಂಗ ಆಗೋದುಂಟು. ಆ ಮಾತ್ರಿಗೆ ಇದು ಬಗ್ಗಂಗಿಲ್ರಿ.”

“ಹಂಗಾರ ಆಕಿ ದಿನಾ ತಗೊಂಡಿದ್ರೂ?”

“ತಗೊಂಡಿದ್ರೂ ಅಷ್ಟರಿ.”

ಮರುದಿನವೇ ಮಂಗಳಗಿರಿಗೆ ಹೋದೆ. ಅವಳು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಅತ್ತಿಗೆ ಮಗ್ಗದಲ್ಲಿದ್ದಳು. ಮನೆಯ ಮಕ್ಕಳ ಮುಂದೆಯೇ ದಿನಾ ಅತ್ತಿಗೆಗೆ ಬಾಯಿ ತೆಗೆದು ತೋರಿಸಬೇಕಾಗಿತ್ತಂತೆ. ಕೊನೆಗೆ ಇವಳೇ ಮಾತ್ರೆ ಬೇಡವೆಂದು ಬಿಟ್ಟಿದ್ದಳು. ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ ವಿಷಯ ಹೇಳಿದೆ. ಅವಳು ಮಗ್ಗದ ಕಡೆ ನೋಡಿ, “ಇದನ್ನ ಅತ್ತಿಗೆಗೂ ಹೇಳಿ” ಎಂದಳು.

ಮಗ್ಗ ನಿಂತಿತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು.

“ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ನಾಳೆ ಕರೆದುಕೊಂಡು ಬನ್ನಿ” ಎಂದೆ. ಅಷ್ಟೇ. ಕೇಂದ್ರದ ಮೇಲೆ ಜನರಿಗಿದ್ದ ನಂಬಿಕೆ ಹೋದೀತು ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ತಪ್ಪೊಪ್ಪಿಕೊಳ್ಳಲು ನಾಚಿಕೆಯಾಗಿತ್ತು.

“ಇದನ್ನಾದರೂ ಸರಿಯಾಗಿ ನುಂಗ್ತಾಳಾ?” ಎಂದಳು ಅತ್ತಿಗೆ.

ಚಾಪೆಯ ಮೇಲಿದ್ದವಳು ಗೋಡೆಯ ಕಡೆ ಹೊರಳಿದಳು.

ಹೊಸ ಮಾತ್ರೆಗೆ ಜ್ವರ ಇಳಿಯಿತು. ಕೆಲವು ತಿಂಗಳು ಮಗ್ಗದ ಮುಂದೆಯೂ ಕೂತಳಂತೆ. ಕೇಂದ್ರಕ್ಕೆ ಬಂದಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಅವಳಿಗೆ ನಾನೀಗ ಅಕ್ಕ ಅಲ್ಲ, ಮೇಡಂ ಆಗಿದ್ದೆ. ಜ್ವರ ಇಳಿದರೂ ಅವಳ ಮೈ ಆಗಲೇ ತುಂಬ ಸೋತಿತ್ತು. ವರ್ಷ ತುಂಬುವಷ್ಟರಲ್ಲಿ ತೀರಿಕೊಂಡಳು.

ಅವಳ ಚಿಕಿತ್ಸೆಯ ಕಾಗದಪತ್ರಕ್ಕಾಗಿ ಕೇಂದ್ರಕ್ಕೆ ಬಂದ ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಾ, “ಮೊದಲೇ ಸರಿಯಾಗಿ ಮಾತ್ರೆ ತಗೊಂಡಿದ್ರೆ ಉಳೀತಿದ್ದಳು, ಅಲ್ವಾ ಮೇಡಂ?” ಎಂದಳು.

ಆಗ ಹೇಳಿದೆ, ಎಲ್ಲವನ್ನೂ.

“ಇದನ್ನ ಅವತ್ತೇ ಹೇಳಬಾರದಿತ್ತಾ? ನಾನು ಅವಳನ್ನ ಎಷ್ಟು ಬೈದೆ” ಎಂದು ಎದ್ದು ಹೋದಳು.